ಗಾಯದ ಗಳಿಗೆ, ರಕ್ತದ ಲೆಕ್ಕ



2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡದ್ದು ನಿಮಗೆಲ್ಲ ನೆನಪಿರಬೇಕು. ದೇವರ ದರ್ಶನ ಮುಗಿಸಿಕೊಂಡು ಭದ್ರಾವತಿ ತಾಲ್ಲೂಕಿನ ತಮ್ಮೂರಿಗೆ ಮರಳುತ್ತಿದ್ದ ಜನ ಅವರು. ಅಂಥ ಸುದ್ದಿ ಬಂದ ದಿನ ಸತ್ತವರ ಎಣಿಕೆ ಬಾಯಿಂದ ಬಾಯಿಗೆ ಹರಡುತ್ತದೆ. ಇಂಥ ಅಪಘಾತಗಳಲ್ಲಿ ಬದುಕುಳಿದ ಗಾಯಾಳುಗಳ ಮುಂದಿನ ಹತ್ತು-ಹದಿನೈದು ದಿನ ಆಸ್ಪತ್ರೆಯಲ್ಲಿ ಹೇಗೆ ಕಳೆಯುತ್ತವೆ ಎಂಬುದು ಅವರ ಮನೆಯವರಿಗಷ್ಟೇ ಗೊತ್ತು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ದಿನಗಳ ಬಗ್ಗೆ, ಆಗ ಎದೆಯೊಳಗೆ ಹುಟ್ಟಿಕೊಳ್ಳುವ ಒಂದು ಅಪಾಯದ ಬಗ್ಗೆ, ಅದರ ಸುಳಿವನ್ನು ರಕ್ತದಲ್ಲಿ ಮೊದಲೇ ಹಿಡಿಯುವ ಪ್ರಯತ್ನದ ಬಗ್ಗೆ.

ನಮ್ಮ ಸೀಮೆಯಲ್ಲಿ ದೊಡ್ಡ ಪೆಟ್ಟು ಬೀಳುವುದಕ್ಕೆ ಹೆದ್ದಾರಿಯೇ ಬೇಕೆಂದಿಲ್ಲ. ಐರಣಿಯಂಥ ಹೊಳೆದಂಡೆಯ ಊರಿನಿಂದ ರಾಣೇಬೆನ್ನೂರಿಗೋ ಹರಿಹರಕ್ಕೋ ಹೊರಟ ಬೈಕಿಗೆ, ಮುಚ್ಚಂಜೆಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಸಿಕ್ಕರೆ ಸಾಕು. ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಕ್ಕಲಿಗೆ ಹರಡಿದ ಬೆಳೆಯ ಮೇಲೆ ಚಕ್ರ ಜಾರುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿ ಆವಕ ಏರಿದ ತಿಂಗಳುಗಳಲ್ಲಿ ರಾತ್ರಿಯೆಲ್ಲ ಲಾರಿಗಳ ಓಡಾಟ. ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ಊರೂರಿನಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಹೊತ್ತು ನುಗ್ಗಿ ಬರುವ ಹೋರಿ ಎದೆಗೆ ಹಾಯ್ದರೆ ಪಕ್ಕೆಲುಬು ಮುರಿಯುತ್ತವೆ, ಒಳಗಿನ ಶ್ವಾಸಕೋಶ ಜಜ್ಜಿಹೋಗುತ್ತದೆ. ದೇಶದ ಲೆಕ್ಕ ನೋಡಿದರೆ, 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು.

ಪೆಟ್ಟು ಬಿದ್ದವರ ಜೀವಕ್ಕೆ ಮೊದಲ ಗಂಡಾಂತರ ಯಾವುದೆಂದು ಎಲ್ಲರಿಗೂ ಗೊತ್ತು. ರಕ್ತ ಹರಿದುಹೋಗುವುದು, ತಲೆಯೊಳಗೆ ರಕ್ತ ಹೆಪ್ಪುಗಟ್ಟುವುದು, ಉಸಿರು ಕಟ್ಟುವುದು. ಇವನ್ನು ಎದುರಿಸಲು 108 ಆಂಬುಲೆನ್ಸ್ ಇದೆ, ರಕ್ತನಿಧಿ ಇದೆ, ಸ್ಕ್ಯಾನ್ ಇದೆ, ಶಸ್ತ್ರಚಿಕಿತ್ಸೆ ಇದೆ. ಎರಡನೆಯ ಗಂಡಾಂತರ ಸದ್ದಿಲ್ಲದೆ ಬರುತ್ತದೆ. ಮೂರನೆಯ ದಿನವೋ ಐದನೆಯ ದಿನವೋ, ಅಂತೂ ಗೆದ್ದ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ, ಗಾಯಾಳುವಿಗೆ ನಿಮೋನಿಯಾ ಆಗುತ್ತದೆ. ರಕ್ತಸ್ರಾವ ನಿಲ್ಲಿಸಿ, ಮೂಳೆ ಕೂಡಿಸಿ, ತಲೆಯ ಹೆಪ್ಪು ತೆಗೆದು ಉಳಿಸಿಕೊಂಡ ಜೀವ ಶ್ವಾಸಕೋಶದ ಸೋಂಕಿಗೆ ತುತ್ತಾಗುವುದನ್ನು ನೋಡುವಾಗಿನ ಸಂಕಟ ದೊಡ್ಡದು.

ಸೋಂಕು ಶ್ವಾಸಕೋಶಕ್ಕೇ ಯಾಕೆ ಬರಬೇಕು? ಪಕ್ಕೆಲುಬು ಮುರಿದವರಿಗೆ ಕೆಮ್ಮಿದರೆ ಜೀವ ಹೋದಷ್ಟು ನೋವು. ಆ ನೋವಿಗೆ ಹೆದರಿ ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ. ಕಫ ಒಳಗೇ ನಿಲ್ಲುತ್ತದೆ, ಶ್ವಾಸಕೋಶದ ತಳಭಾಗ ಗಾಳಿಯಿಲ್ಲದೆ ಮುದುಡಿಕೊಳ್ಳುತ್ತದೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರ ಬಾಯಿಯ ಜೊಲ್ಲು, ರಕ್ತ, ವಾಂತಿಯ ಅಂಶ ರಸ್ತೆಬದಿಯಲ್ಲಿ ಬಿದ್ದಿರುವಾಗಲೇ ಶ್ವಾಸನಾಳಕ್ಕೆ ಇಳಿದಿರುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ ಜೀವ ಉಳಿಸಲು ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರ್‌ಗೆ ಜೋಡಿಸಬೇಕಾಗುತ್ತದೆ. ನಳಿಕೆ ಗಾಳಿಗೆ ದಾರಿ ಮಾಡಿಕೊಡುತ್ತದೆ ನಿಜ. ಆದರೆ ಕೆಮ್ಮಿ ಹೊರಹಾಕುವ ಸಹಜ ಕಾವಲನ್ನೂ ಅದು ಕಿತ್ತುಕೊಳ್ಳುತ್ತದೆ. ಬಾಯಿಯಲ್ಲಿ ಬೆಳೆದ ರೋಗಾಣುಗಳು ನಳಿಕೆಯ ಸುತ್ತಲಿನಿಂದ ಹನಿಹನಿಯಾಗಿ ಕೆಳಗೆ ಸೋರುತ್ತವೆ. ನಳಿಕೆ ಹಾಕಿ 48 ಗಂಟೆ ದಾಟಿದ ಮೇಲೆ ಬರುವ ನಿಮೋನಿಯಾಕ್ಕೆ ವೈದ್ಯರು ವೆಂಟಿಲೇಟರ್ ನಿಮೋನಿಯಾ ಎಂದೇ ಹೆಸರಿಟ್ಟಿದ್ದಾರೆ.

ಅದನ್ನು ಬೇಗ ಗುರುತಿಸಿ ಔಷಧ ಕೊಡಬಾರದೇ ಎಂದು ನೀವು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಸಾಮಾನ್ಯವಾಗಿ ನಿಮೋನಿಯಾ ಗುರುತಿಸುವುದು ಜ್ವರ, ರಕ್ತದಲ್ಲಿ ಬಿಳಿ ಕಣಗಳ ಏರಿಕೆ, ಎಕ್ಸ್‌ರೇಯಲ್ಲಿ ನೆರಳು, ಕಫದ ಬಣ್ಣ, ಆಮ್ಲಜನಕದ ಇಳಿಕೆ, ಇವುಗಳಿಂದ. ಭಾರಿ ಪೆಟ್ಟು ತಿಂದವರಲ್ಲಿ ಸೋಂಕಿಲ್ಲದಿದ್ದರೂ ಇವೆಲ್ಲ ಕಾಣಿಸಿಕೊಳ್ಳುತ್ತವೆ. ತೊಡೆಮೂಳೆ ಮುರಿದು ಸ್ನಾಯು ನಜ್ಜುಗುಜ್ಜಾದರೆ ಅದರಿಂದಲೇ ಜ್ವರ ಬರುತ್ತದೆ. ಜಜ್ಜಿದ ಶ್ವಾಸಕೋಶ ಎಕ್ಸ್‌ರೇಯಲ್ಲಿ ಥೇಟ್ ನಿಮೋನಿಯಾದಂತೆಯೇ ಬೆಳ್ಳಗೆ ಕಾಣುತ್ತದೆ, ಮೊದಲ ಎರಡು-ಮೂರು ದಿನ ಆ ಬಿಳುಪು ಹೆಚ್ಚುತ್ತಲೂ ಹೋಗುತ್ತದೆ. ಕಫ ತೆಗೆದು ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಫಲ ಬರಲು ಎರಡು-ಮೂರು ದಿನ ಬೇಕು. ಗಾಯದ ಉರಿ ಯಾವುದು, ಸೋಂಕಿನ ಉರಿ ಯಾವುದು ಎಂದು ಬೇರ್ಪಡಿಸುವ ಹೊಣೆ ಐಸಿಯು ವೈದ್ಯರ ಮೇಲೆ ಪ್ರತಿದಿನ ಬೀಳುತ್ತದೆ. ಇಲ್ಲಿ ನೆರವಿಗೆ ಬರಬಹುದೆಂದು ವಿಜ್ಞಾನಿಗಳು ಹುಡುಕುತ್ತಿರುವ ವಸ್ತುಗಳೇ ಬಯೋಮಾರ್ಕರ್‌ಗಳು. ನಾವು ಅವನ್ನು ರಕ್ತದ ಸೂಚಕಗಳು ಎನ್ನೋಣ.

ಇವುಗಳಲ್ಲಿ ಒಂದರ ಹೆಸರು ನಿಮಗೆ ಹೊಸದಲ್ಲ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿಗೂ ತಲುಪಿದ ಸಿಆರ್‌ಪಿ ಅದು. ಅದರ ಕಥೆ ಶುರುವಾದದ್ದೇ ನಿಮೋನಿಯಾ ರೋಗಿಗಳಿಂದ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ನಿಮೋನಿಯಾ ರೋಗಿಗಳ ಸೀರಮ್ಮಿಗೆ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ತೆಗೆದ, ‘ಸಿ’ ಎಂದು ಗುರುತು ಹಾಕಿದ ಒಂದು ಅಂಶವನ್ನು ಬೆರೆಸಿದರು. ಸೀರಮ್ ಗಸಿಗಟ್ಟಿತು. ಕಾಯಿಲೆ ವಾಸಿಯಾದ ಮೇಲೆ ಅದೇ ರೋಗಿಗಳ ಸೀರಮ್ ಗಸಿಗಟ್ಟಲಿಲ್ಲ. ರೋಗದ ಜೊತೆ ಬಂದು ರೋಗದ ಜೊತೆ ಹೋಗುವ ಆ ವಸ್ತುವೇ ಮುಂದೆ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ ಎನಿಸಿಕೊಂಡಿತು.

ಇಂದು ಈ ಪರೀಕ್ಷೆ ತಾಲ್ಲೂಕು ಕೇಂದ್ರಗಳ ಲ್ಯಾಬುಗಳಲ್ಲೂ ನಡೆಯುತ್ತದೆ. ತೋಳಿನ ರಕ್ತನಾಳದಿಂದ ಮೂರು-ನಾಲ್ಕು ಮಿಲಿಲೀಟರ್ ರಕ್ತ ತೆಗೆದು ಪುಟ್ಟ ಕೊಳವೆಯಲ್ಲಿ ಅರ್ಧ ಗಂಟೆ ಬಿಡುತ್ತಾರೆ. ರಕ್ತ ಹೆಪ್ಪುಗಟ್ಟುತ್ತದೆ. ಕೊಳವೆಯನ್ನು ಯಂತ್ರದಲ್ಲಿಟ್ಟು ಗರಗರನೆ ತಿರುಗಿಸಿದಾಗ ಕೆಂಪು ಭಾಗ ತಳ ಸೇರಿ, ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದೇ ಸೀರಮ್. ಅದರ ಒಂದಿಷ್ಟು ಪಾಲಿಗೆ, ಸಿಆರ್‌ಪಿಯನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯ ಲೇಪಿಸಿದ ಅತಿ ಸಣ್ಣ ಕಣಗಳ ದ್ರಾವಣ ಬೆರೆಸುತ್ತಾರೆ. ಸಿಆರ್‌ಪಿ ಹೆಚ್ಚಿದ್ದಷ್ಟೂ ಕಣಗಳು ಒಂದಕ್ಕೊಂದು ಅಂಟಿಕೊಂಡು ದ್ರಾವಣ ಮಬ್ಬಾಗುತ್ತದೆ. ಬೆಳಕು ಹಾಯಿಸಿ ಆ ಮಬ್ಬನ್ನು ಅಳೆದರೆ ರಿಪೋರ್ಟಿನ ಮೇಲೆ ಅಚ್ಚಾಗುವ ಅಂಕಿ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ. ಭಾರಿ ಪೆಟ್ಟು ಬಿದ್ದವರಲ್ಲಿ 200 ದಾಟುವುದೂ ಉಂಟು.

ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ. ತಯಾರಿಸು ಎಂದು ಯಕೃತ್ತಿಗೆ ಹೇಳಿಕಳಿಸುವುದು ಇಂಟರ್‌ಲ್ಯುಕಿನ್-6 ಎಂಬ ಇನ್ನೊಂದು ವಸ್ತು. ಪೆಟ್ಟು ಬಿದ್ದ ಒಂದೆರಡು ಗಂಟೆಯಲ್ಲೇ ಇದು ರಕ್ತದಲ್ಲಿ ಏರತೊಡಗುತ್ತದೆ, ಮೊದಲ ದಿನವೇ ತುದಿ ಮುಟ್ಟುತ್ತದೆ. ಸಿಆರ್‌ಪಿ ಏರಲು ಐದಾರು ಗಂಟೆ ಬೇಕು, ತುದಿ ಮುಟ್ಟುವುದು ಸುಮಾರು 48 ಗಂಟೆಗೆ. ಮೂರನೆಯದು ಪ್ರೊಕ್ಯಾಲ್ಸಿಟೋನಿನ್. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಇದು ರಕ್ತದಲ್ಲಿ ಏರುತ್ತದೆ ಎಂದು 1993ರಲ್ಲಿ ಪ್ಯಾರಿಸ್ಸಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ವೈರಸ್ ಜ್ವರಗಳಲ್ಲಿ ಇದು ಅಷ್ಟಾಗಿ ಏರುವುದಿಲ್ಲವಾದ್ದರಿಂದ ವೈದ್ಯರಿಗೆ ಇದರ ಮೇಲೆ ಭರವಸೆ ಹೆಚ್ಚು. ಆದರೆ ಗಾಯಾಳುಗಳಲ್ಲಿ ಇದೂ ಸೋಂಕಿಲ್ಲದೆ ಮೊದಲ ಒಂದೆರಡು ದಿನ ಏರುತ್ತದೆ. ಬಳಿಕ ಹೊಸದಾಗಿ ಏನೂ ಆಗದಿದ್ದರೆ ದಿನಕ್ಕೆ ಸುಮಾರು ಅರ್ಧದಷ್ಟು ಇಳಿಯುತ್ತ ಬರುತ್ತದೆ.

ರೋಗಾಣುವೇ ಇಲ್ಲದೆ ದೇಹ ಯಾಕೆ ಹೀಗೆ ಕೆರಳುತ್ತದೆ? 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಾಸ್ಟನ್ನಿನ ಕಾರ್ಲ್ ಹೌಸರ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟಿತು. ನಮ್ಮ ಜೀವಕೋಶಗಳ ಒಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳು ನೂರು ಕೋಟಿ ವರ್ಷಗಳಿಗೂ ಹಿಂದೆ ಬೇರೆಯೇ ಬ್ಯಾಕ್ಟೀರಿಯಾಗಳಾಗಿದ್ದವು, ಜೀವಕೋಶದೊಳಗೆ ಸೇರಿ ಅಲ್ಲೇ ನೆಲೆಸಿದವು. ಅವುಗಳ ಡಿಎನ್‌ಎ ಇಂದಿಗೂ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹೋಲುತ್ತದೆ. ಪೆಟ್ಟಿಗೆ ಸ್ನಾಯು ಮೂಳೆ ಜಜ್ಜಿ ಜೀವಕೋಶಗಳು ಒಡೆದಾಗ ಮೈಟೊಕಾಂಡ್ರಿಯಾದ ಈ ತುಣುಕುಗಳು ರಕ್ತಕ್ಕೆ ಚೆಲ್ಲುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಬ್ಯಾಕ್ಟೀರಿಯಾವೆಂದೇ ಬಗೆದು ಮೈಮೇಲೆ ಬೀಳುತ್ತದೆ. ಮರುವರ್ಷ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ, ಭಾರಿ ಪೆಟ್ಟು ತಿಂದವರ ಬಿಳಿ ರಕ್ತಕಣಗಳಲ್ಲಿ ಶೇ 80ಕ್ಕೂ ಹೆಚ್ಚು ವಂಶವಾಹಿಗಳ ನಡವಳಿಕೆಯೇ ಬದಲಾಗುತ್ತದೆ ಎಂದು ತೋರಿಸಿತು. ಮೈಯ ಒಂದು ಭಾಗಕ್ಕೆ ಬಿದ್ದ ಪೆಟ್ಟು ಅಂದರೆ ಇಡೀ ದೇಹಕ್ಕೆ ಬಿದ್ದ ಪೆಟ್ಟೇ.

ಇದರ ಬೆನ್ನಿಗೇ ಇನ್ನೊಂದು ನಡೆಯುತ್ತದೆ. ಕೆರಳಿದ ರಕ್ಷಣಾ ವ್ಯವಸ್ಥೆ ಅದೇ ವೇಗದಲ್ಲಿ ಬಳಲುತ್ತದೆ. ರೋಗಾಣುವನ್ನು ಹಿಡಿದು ಇತರ ಕಣಗಳಿಗೆ ತೋರಿಸಿಕೊಡುವ ಮಾನೊಸೈಟ್ ಎಂಬ ಬಿಳಿ ಕಣಗಳು ತಮ್ಮ ಮೇಲ್ಮೈಯ ಎಚ್‌ಎಲ್‌ಎ-ಡಿಆರ್ ಎಂಬ ಗುರುತನ್ನು ಕಳೆದುಕೊಳ್ಳುತ್ತವೆ. ಫ್ರಾನ್ಸಿನ ಲಿಯಾನ್ ನಗರದ ವೈದ್ಯರು 2010ರಲ್ಲಿ ತೋರಿಸಿದ ಪ್ರಕಾರ, ಭಾರಿ ಪೆಟ್ಟು ಬಿದ್ದ ಹೆಚ್ಚುಕಡಿಮೆ ಎಲ್ಲರಲ್ಲೂ ಈ ಗುರುತು ಮೊದಲ ದಿನಗಳಲ್ಲಿ ಕುಸಿಯುತ್ತದೆ. ಆದ್ದರಿಂದ ಮೊದಲ ದಿನದ ಅಂಕಿ ನೋಡಿ ಏನನ್ನೂ ಹೇಳಲಾಗದು. ಮೂರು-ನಾಲ್ಕನೆಯ ದಿನದ ಹೊತ್ತಿಗೆ ಅದು ಮತ್ತೆ ಏರತೊಡಗಿದವರು ಚೇತರಿಸಿಕೊಳ್ಳುತ್ತಾರೆ. ಏರದೆ ಹಾಗೇ ಉಳಿದವರಲ್ಲಿ ನಂಜು ಹೆಚ್ಚು.

ಈ ಮಾತು ಎಲ್ಲ ಸೂಚಕಗಳಿಗೂ ಸಲ್ಲುತ್ತದೆ, ಇವತ್ತಿನ ನನ್ನ ಮಾತಿನ ತಿರುಳೂ ಇದೇ. ಒಂದೇ ಒಂದು ರಿಪೋರ್ಟಿನ ಒಂದೇ ಒಂದು ಅಂಕಿಗೆ ಬೆಲೆ ಕಡಿಮೆ. ಬೆಲೆ ಇರುವುದು ಅಂಕಿಯ ನಡೆಗೆ. ತುಂಗಭದ್ರೆಯ ದಂಡೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹೊಳಿ ಎಲ್ಲೀತನಕ ಬಂದೈತಿ ಎಂದು ಕೇಳಿದವರು ಅಷ್ಟಕ್ಕೇ ಸುಮ್ಮನಾಗುವುದಿಲ್ಲ, ಏರಾಕತ್ತೈತೋ ಇಳಿಯಾಕತ್ತೈತೋ ಎಂದು ಕೇಳಿಯೇ ಕೇಳುತ್ತಾರೆ. ಅದೇ ಮಟ್ಟದ ನೀರು ಏರುವಾಗ ದನಕರು ಬಿಚ್ಚಿಕೊಂಡು ಹೊರಡಬೇಕು, ಇಳಿಯುವಾಗ ಮನೆಯಲ್ಲೇ ಇರಬಹುದು. ಇಬ್ಬರು ಗಾಯಾಳುಗಳನ್ನು ಊಹಿಸಿಕೊಳ್ಳಿ. ನಾಲ್ಕನೆಯ ದಿನ ಇಬ್ಬರದೂ ಸಿಆರ್‌ಪಿ 150. ಒಬ್ಬನದು ಎರಡನೆಯ ದಿನ 220 ಇದ್ದು ಇಳಿದು ಬಂದದ್ದು. ಇನ್ನೊಬ್ಬನದು 90ಕ್ಕೆ ಇಳಿದು ಮತ್ತೆ ಮೇಲೆದ್ದದ್ದು. ಮೊದಲನೆಯವನು ಗಾಯದ ಉರಿಯಿಂದ ಹೊರಬರುತ್ತಿದ್ದಾನೆ. ಎರಡನೆಯವನ ಎದೆಯನ್ನು ಇವತ್ತೇ, ಈಗಲೇ ಪರೀಕ್ಷಿಸಬೇಕು, ಕಫ ಕಲ್ಚರಿಗೆ ಕಳಿಸಬೇಕು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾದು ನಿಂತ ಹಿರಿಯರು ವೈದ್ಯರನ್ನು ಕಂಡೊಡನೆ, “ಸಾಹೇಬ್ರ, ಇವತ್ತ ಸಿಆರ್‌ಪಿ ಎಷ್ಟ್ ಬಂತ್ರಿ?” ಎಂದು ಕೇಳುವುದುಂಟು. ವೈದ್ಯರು ಕೊಡಬೇಕಾದ ಉತ್ತರ ಹೀಗಿದ್ದರೆ ಚೆಂದ: “ಕಾಕಾ, ಎಷ್ಟ್ ಬಂತು ಅನ್ನೂದಕ್ಕಿಂತ ನಿನ್ನೆ ಮೊನ್ನಿಗಿಂತ ಏನಾತು ಅಂತ ಕೇಳ್ರಿ. ಇಳದೈತ್ರಿ. ಹುಡುಗನ ಉಸಿರಾಟನೂ ಹಗುರಾಗೈತಿ. ಎರಡೂ ಕೂಡಿಸಿ ನೋಡಿ ಹೇಳಾಕತ್ತೇನಿ.”

ನಡೆಗೆ ಬೆಲೆ ಎಂದ ಮೇಲೆ ಆ ನಡೆ ಎಲ್ಲಿಂದ ಶುರುವಾಯಿತು ಎಂಬುದು ಗೊತ್ತಿರಬೇಕು. ನಮ್ಮಲ್ಲಿ ಎಡವುವುದು ಇಲ್ಲಿಯೇ. ಐರಣಿ ಹತ್ತಿರ ಸಂಜೆ ಆರು ಗಂಟೆಗೆ ಒಬ್ಬ ತರುಣನಿಗೆ ಅಪಘಾತವಾಯಿತು ಎಂದುಕೊಳ್ಳಿ. ಯಾರೋ ಪುಣ್ಯವಂತರು ರಾಣೇಬೆನ್ನೂರಿನ ಆಸ್ಪತ್ರೆಗೆ ಮುಟ್ಟಿಸುತ್ತಾರೆ. ಅಲ್ಲಿ ರಕ್ತ ನಿಲ್ಲಿಸಿ, ಸಲೈನ್ ಏರಿಸಿ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎನ್ನುತ್ತಾರೆ. ದಾವಣಗೆರೆಯೋ ಹುಬ್ಬಳ್ಳಿಯೋ ಎಂದು ಮನೆಯವರಲ್ಲಿ ಚರ್ಚೆಯಾಗಿ, ದುಡ್ಡು ಹೊಂದಿಸಿಕೊಂಡು, ಗಾಡಿ ಹತ್ತಿ, ಒಂದು ಕಡೆ ಹಾಸಿಗೆ ಸಿಗದೆ ಇನ್ನೊಂದು ಕಡೆ ಸೇರುವಷ್ಟರಲ್ಲಿ ಬೆಳಗಿನ ನಾಲ್ಕು ಗಂಟೆ. ಕೊನೆಯ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಅಂದು ‘ಮೊದಲನೆಯ ದಿನ’. ಆದರೆ ಆ ರಕ್ತಕ್ಕೆ ಆಗಲೇ ಹತ್ತು ಗಂಟೆ ತುಂಬಿದೆ. ಪಕ್ಕದ ಹಾಸಿಗೆಯವನು ಬೇರೆ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಬಂದಿದ್ದರೂ ಅವನಿಗೂ ಅಂದು ಮೊದಲನೆಯ ದಿನವೇ. ಮೊದಲನೆಯವನ ಸಿಆರ್‌ಪಿ ಇನ್ನೂ ಏರುವ ಹಾದಿಯಲ್ಲಿ ಇರಲೇಬೇಕು, ಅದು ಸಹಜ. ಎರಡನೆಯವನದು ಇಳಿಯತೊಡಗಿರಬೇಕು, ಇಳಿಯದಿದ್ದರೆ ಗುಮಾನಿ. ಪೆಟ್ಟು ಬಿದ್ದ ಗಳಿಗೆ ಗೊತ್ತಿಲ್ಲದಿದ್ದರೆ ಸಹಜವೂ ಗುಮಾನಿಯೂ ಒಂದೇ ಥರ ಕಾಣುತ್ತವೆ.

ಆಪರೇಷನ್ನಿನದೂ ಇದೇ ಕಥೆ. ಮೂರನೆಯ ದಿನ ತೊಡೆಮೂಳೆಗೆ ರಾಡು ಹಾಕಿದರೆ ದೇಹದ ಪಾಲಿಗೆ ಅದು ಮತ್ತೊಂದು ಪೆಟ್ಟು. ಸಿಆರ್‌ಪಿ ಮತ್ತೆ ಏರುತ್ತದೆ. ಆಪರೇಷನ್ ಆದದ್ದು ಯಾವಾಗ ಎಂದು ತಿಳಿಯದವರು ಆ ಏರಿಕೆಯನ್ನು ನಿಮೋನಿಯಾ ಎಂದು ಓದಿಬಿಡಬಹುದು. ಮೂತ್ರಪಿಂಡ ಸೋತವರಲ್ಲಿ ಪ್ರೊಕ್ಯಾಲ್ಸಿಟೋನಿನ್ ಸೋಂಕಿಲ್ಲದೆಯೂ ಮೇಲಿರುತ್ತದೆ. ಯಕೃತ್ತು ಪೂರ್ತಿ ಕೆಟ್ಟವರಲ್ಲಿ ಸೋಂಕಿದ್ದರೂ ಸಿಆರ್‌ಪಿ ಏರಬೇಕಾದಷ್ಟು ಏರುವುದಿಲ್ಲ. ಕುಡಿತದಿಂದ ಯಕೃತ್ತು ಹಾಳಾದವರು ಅಪಘಾತದ ವಾರ್ಡುಗಳಲ್ಲಿ ಕಡಿಮೆಯಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಈ ಸೂಚಕಗಳು ನಿಮೋನಿಯಾ ಬರುವುದನ್ನು ಮುಂಚಿತವಾಗಿ ಹೇಳುತ್ತವೆಯೇ? ಭರವಸೆ ಹುಟ್ಟಿಸುವ ಅಧ್ಯಯನಗಳು ಹಲವು ಇವೆ. ಮೊದಲ ದಿನ ಇಂಟರ್‌ಲ್ಯುಕಿನ್-6 ಬಹಳ ಏರಿದವರಲ್ಲಿ ಮುಂದೆ ಸೋಂಕು ಹೆಚ್ಚೆಂದು ಬೇರೆ ಬೇರೆ ದೇಶಗಳ ವೈದ್ಯರು ಕಂಡಿದ್ದಾರೆ. ಆದರೆ ಪೆಟ್ಟು ಎಷ್ಟು ದೊಡ್ಡದೋ ಆ ಅಂಕಿಯೂ ಅಷ್ಟು ದೊಡ್ಡದು. ಪೆಟ್ಟು ದೊಡ್ಡದಾದವರಿಗೆ ವೆಂಟಿಲೇಟರ್ ಬೇಕಾಗುವುದೂ ಹೆಚ್ಚು, ಸೋಂಕೂ ಹೆಚ್ಚು. ಅಂಕಿ ಹೊಸದಾಗಿ ಹೇಳುತ್ತಿರುವುದು ಎಷ್ಟು, ಪೆಟ್ಟನ್ನೇ ಮತ್ತೊಮ್ಮೆ ಹೇಳುತ್ತಿರುವುದು ಎಷ್ಟು ಎಂದು ಬಿಡಿಸುವುದು ಕಷ್ಟ. ನೂರು ಜನರ ಗುಂಪಿಗೆ ನಿಜವಾದದ್ದು ಹಾಸಿಗೆಯ ಮೇಲಿರುವ ಈ ಒಬ್ಬನಿಗೆ ನಿಜವಾಗಬೇಕೆಂದೇನೂ ಇಲ್ಲ. ಆದ್ದರಿಂದಲೇ ಅಮೆರಿಕದ ಸೋಂಕುರೋಗ ತಜ್ಞರ ಮತ್ತು ಎದೆರೋಗ ತಜ್ಞರ ಸಂಘಗಳು 2016ರಲ್ಲಿ ಕೊಟ್ಟ ಮಾರ್ಗಸೂಚಿ, ಆಸ್ಪತ್ರೆಯಲ್ಲಿ ಬಂದ ನಿಮೋನಿಯಾಕ್ಕೆ ಆಂಟಿಬಯಾಟಿಕ್ ಶುರು ಮಾಡುವ ತೀರ್ಮಾನವನ್ನು ರೋಗಿಯ ಲಕ್ಷಣಗಳನ್ನು ನೋಡಿಯೇ ಮಾಡಬೇಕು, ಪ್ರೊಕ್ಯಾಲ್ಸಿಟೋನಿನ್ ಮತ್ತು ಸಿಆರ್‌ಪಿಯನ್ನು ನೆಚ್ಚಿ ಮಾಡಬಾರದು ಎಂದಿತು.

ಆಂಟಿಬಯಾಟಿಕ್ ನಿಲ್ಲಿಸುವ ತೀರ್ಮಾನದಲ್ಲಿ ಮಾತ್ರ ಪ್ರೊಕ್ಯಾಲ್ಸಿಟೋನಿನ್ ತನ್ನ ಯೋಗ್ಯತೆ ತೋರಿಸಿದೆ. ನೆದರ್‌ಲೆಂಡ್ಸಿನ ಐಸಿಯುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಈ ಸೂಚಕ ತನ್ನ ತುದಿಯಿಂದ ಶೇ 80ರಷ್ಟು ಇಳಿದಾಗ, ಇಲ್ಲವೇ ತೀರ ಕೆಳಮಟ್ಟಕ್ಕೆ ಬಂದಾಗ ಔಷಧ ನಿಲ್ಲಿಸಬಹುದೆಂದು ವೈದ್ಯರಿಗೆ ಸಲಹೆ ಕೊಟ್ಟರು. ಸಾಮಾನ್ಯವಾಗಿ 7 ದಿನ ನಡೆಯುತ್ತಿದ್ದ ಔಷಧ 5 ದಿನಕ್ಕೆ ಮುಗಿಯಿತು. ಸಾವು ಹೆಚ್ಚಲಿಲ್ಲ, ಇನ್ನೂ ಕಡಿಮೆಯೇ ಆಯಿತು. ಇಲ್ಲಿಯೂ ಗಮನಿಸಿ, ನೋಡಿದ್ದು ಎಷ್ಟು ಇಳಿಯಿತು ಎಂಬುದನ್ನು.

ಎರಡು ದಿನದ ಔಷಧ ಉಳಿದರೆ ಏನು ಮಹಾ ಎನ್ನಬೇಡಿ. ಐಸಿಯುಗಳಲ್ಲಿ ಬಳಸುವ ಆಂಟಿಬಯಾಟಿಕ್ಕಿನ ಒಂದು ದಿನದ ಖರ್ಚು ಕೂಲಿ ಮಾಡುವವರ ಎಷ್ಟೋ ದಿನದ ದುಡಿಮೆ. ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಸಿಗುವುದು ಗರಿಷ್ಠ 1.5 ಲಕ್ಷ ರೂಪಾಯಿಯವರೆಗೆ, ಅಪಘಾತವಾದ ದಿನದಿಂದ 7 ದಿನ ಮಾತ್ರ. ಎದೆಯ ಸೋಂಕು ತಲೆಯೆತ್ತುವುದು ಆ ಏಳು ದಿನಗಳ ನಡುಭಾಗದಲ್ಲಿ, ಬಿಲ್ಲು ಬೆಳೆಯುವುದು ಏಳು ದಿನ ಮುಗಿದ ಮೇಲೆ. ದುಡ್ಡಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಅನುಮಾನ ಬಂದವರಿಗೆಲ್ಲ ಬಿರುಸಿನ ಔಷಧ ಸುರಿದದ್ದರಿಂದ ನಮ್ಮ ದೇಶದ ಐಸಿಯುಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ದೊಡ್ಡ ದೊಡ್ಡ ಔಷಧಗಳಿಗೂ ಬಗ್ಗದಷ್ಟು ಗಟ್ಟಿಯಾಗಿವೆ. ಇವತ್ತು ಬೇಡದವರಿಗೆ ಕೊಟ್ಟ ಔಷಧ ನಾಳೆ ಬೇಕಾದವರಿಗೆ ಕೆಲಸ ಮಾಡದೆ ಹೋಗುತ್ತದೆ. ಹಾಗೆಂದು ಕಾಯುತ್ತ ಕೂತರೆ ಸೋಂಕು ಕೈಮೀರುತ್ತದೆ. ಈ ಎರಡರ ನಡುವೆ ಸರಿಯಾದ ಗಳಿಗೆ ಹಿಡಿಯುವುದಕ್ಕೆ ಸೂಚಕಗಳು ಬೇಕು.

ಯಾರಿಗೆ ಅಪಾಯ ಹೆಚ್ಚೆಂದು ಮೊದಲೇ ಗೊತ್ತಾದರೆ ಏನು ಮಾಡಬಹುದು ಎಂಬುದಕ್ಕೆ ಒಂದು ಮಾದರಿ ಇದೆ. ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಿದುಳಿಗೆ ಪೆಟ್ಟಾಗಿಯೋ ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ವೆಂಟಿಲೇಟರ್ ಸೇರಿದವರಿಗೆ ನಳಿಕೆ ಹಾಕಿದ 12 ಗಂಟೆಯೊಳಗೆ ಸೆಫ್‌ಟ್ರಿಯಾಕ್ಸೋನ್ ಎಂಬ ಹಳೆಯ ಔಷಧದ ಒಂದೇ ಒಂದು ಡೋಸು ಕೊಟ್ಟರು. ಮೊದಲ ದಿನಗಳ ನಿಮೋನಿಯಾ ಶೇ 32 ಇದ್ದದ್ದು ಶೇ 14ಕ್ಕೆ ಇಳಿಯಿತು. ಇದು ಆ ಒಂದು ಬಗೆಯ ರೋಗಿಗಳಿಗೆ ಸಂಬಂಧಿಸಿದ ಫಲಿತಾಂಶ, ಎಲ್ಲ ಗಾಯಾಳುಗಳಿಗೂ ಅನ್ವಯಿಸುವಂತಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಬಿದ್ದ ಒಂದೇ ಡೋಸು ಎಷ್ಟು ಕೆಲಸ ಮಾಡಬಲ್ಲದು ಎಂಬುದು ಇದರಿಂದ ಮನದಟ್ಟಾಗುತ್ತದೆ.

ಯಾವ ಪರೀಕ್ಷೆಯೂ ಬೇಡದ ಕೆಲಸಗಳೂ ಇವೆ. ವೆಂಟಿಲೇಟರಿನಲ್ಲಿರುವವರ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರಿಸಿಡುವುದು, ದಿನವೂ ಬಾಯಿ ಸ್ವಚ್ಛ ಮಾಡುವುದು, ಮುಟ್ಟುವ ಮುನ್ನ ಕೈ ತೊಳೆಯುವುದು, ಸಾಧ್ಯವಾದ ಮೊದಲ ದಿನವೇ ನಳಿಕೆ ತೆಗೆಯುವುದು. ಪಕ್ಕೆಲುಬು ಮುರಿದವರಿಗೆ ನೋವು ಕಡಿಮೆ ಮಾಡುವ ಔಷಧವನ್ನು ಕೈಬಿಚ್ಚಿ ಕೊಡುವುದೂ ನಿಮೋನಿಯಾ ತಡೆಯುವ ಚಿಕಿತ್ಸೆಯೇ. ನೋವು ಇಳಿದರೆ ಕೆಮ್ಮುತ್ತಾರೆ, ಕೆಮ್ಮಿದರೆ ಕಫ ಹೊರಬರುತ್ತದೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ಕಿನ ಉಸಿರಾಟದ ಸಾಧನ ನಿಮಗೆ ಗೊತ್ತಿರಬಹುದು, ಕೋವಿಡ್ ಹೊತ್ತಿನಲ್ಲಿ ಎಷ್ಟೋ ಮನೆಗಳಿಗೆ ಬಂದಿತ್ತು. ಅದನ್ನು ಬಹಳ ಜನ ಪೀಪಿಯಂತೆ ಊದುತ್ತಾರೆ. ಊದಿದರೆ ಪ್ರಯೋಜನವಿಲ್ಲ. ತುಟಿಯನ್ನು ಬಿಗಿಯಾಗಿ ಹಿಡಿದು ಗಾಳಿಯನ್ನು ನಿಧಾನವಾಗಿ ಒಳಗೆ ಎಳೆಯಬೇಕು. ಒಂದೊಂದೇ ಚೆಂಡು ಮೇಲೇಳುತ್ತದೆ. ಹಾಗೇ ಎರಡು-ಮೂರು ಸೆಕೆಂಡು ಹಿಡಿದು ಬಿಡಬೇಕು. ಎಚ್ಚರವಿರುವ ಗಾಯಾಳುವಿನ ಪಕ್ಕ ಕೂತ ತಾಯಿಯೋ ತಮ್ಮನೋ ಗಂಟೆಗೊಮ್ಮೆ ಇದನ್ನು ನೆನಪಿಸಿ ಮಾಡಿಸಿದರೆ ಮುದುಡಿದ ಶ್ವಾಸಕೋಶ ಅರಳುತ್ತದೆ.

ನಮ್ಮ ಆಸ್ಪತ್ರೆಗಳಿಗೆ ಒಂದು ಮನವಿ. ಸೂಚಕಗಳ ಬಗ್ಗೆ ನಾವು ಓದುವ ಅಂಕಿಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದ ಗಾಯಾಳುಗಳದು. ಅವರಲ್ಲಿ ಎಷ್ಟೋ ಜನ ಅಪಘಾತವಾದ ಸ್ವಲ್ಪ ಹೊತ್ತಿನಲ್ಲೇ ನೇರವಾಗಿ ದೊಡ್ಡ ಆಸ್ಪತ್ರೆ ಸೇರಿದವರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿ, ದಾರಿಯಲ್ಲಿ ಎರಡು-ಮೂರು ಬಗೆಯ ಆಂಟಿಬಯಾಟಿಕ್ ಚುಚ್ಚಿಸಿಕೊಂಡು ಬರುವ ನಮ್ಮ ರೈತನಿಗೆ, ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ, ದಾವಣಗೆರೆಯಲ್ಲಿ 1965ರಿಂದ ಇದೆ. ಹಾವೇರಿಗೂ ಈಗ ತನ್ನದೇ ಕಾಲೇಜು ಬಂದಿದೆ. ಈ ಭಾಗದ ಗಾಯಾಳುಗಳ ರಕ್ತದಲ್ಲಿ ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಹೇಗೆ ನಡೆಯುತ್ತವೆ, ಯಾವ ನಡೆಯ ಬೆನ್ನಿಗೆ ನಿಮೋನಿಯಾ ಬರುತ್ತದೆ ಎಂದು ಇಲ್ಲಿನ ವೈದ್ಯರೇ ಕೂಡಿ ಅಳೆದು ಬರೆಯಬೇಕು. ದುಬಾರಿ ಯಂತ್ರ ಬೇಕಾದ ಕೆಲಸವಲ್ಲ ಇದು. ಸಿಆರ್‌ಪಿ ಪರೀಕ್ಷೆ ಈಗಾಗಲೇ ನಡೆಯುತ್ತಿದೆ. ಬೇಕಾಗಿರುವುದು ಪ್ರತಿ ಅಂಕಿಯ ಪಕ್ಕದಲ್ಲಿ, ಪೆಟ್ಟು ಬಿದ್ದು ಎಷ್ಟು ಗಂಟೆಯಾಯಿತು ಎಂಬ ಇನ್ನೊಂದು ಅಂಕಿ.

ಆ ಇನ್ನೊಂದು ಅಂಕಿಯನ್ನು ಕೊಡುವವರು ನೀವು. ನಿಮ್ಮೂರ ಹತ್ತಿರ ಯಾರಿಗಾದರೂ ಅಪಘಾತವಾದರೆ ಮೊದಲು 108ಕ್ಕೆ ಫೋನ್ ಮಾಡಿ. ಪೊಲೀಸು ಕೋರ್ಟು ಎಂದು ಹೆದರಬೇಡಿ. ನೆರವಾದವರಿಗೆ ತೊಂದರೆ ಕೊಡಬಾರದೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ತಿದ್ದುಪಡಿಯಾಗಿದೆ. ಆಮೇಲೆ ಗಡಿಯಾರ ನೋಡಿ, ಪೆಟ್ಟು ಬಿದ್ದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಗಾಯಾಳುವಿನ ಜೊತೆ ಹೋಗುವವರ ಕೈಗೆ ಕೊಡಿ. ವಾಂತಿ ಆಯಿತೇ, ಎಚ್ಚರ ತಪ್ಪಿತ್ತೇ, ಎಷ್ಟು ಹೊತ್ತು ಎಂಬುದನ್ನೂ ಅದರಲ್ಲೇ ಸೇರಿಸಿ. ಮೊದಲ ಆಸ್ಪತ್ರೆಯ ರಕ್ತದ ರಿಪೋರ್ಟು, ಕೊಟ್ಟ ಇಂಜೆಕ್ಷನ್ನಿನ ಹೆಸರು, ಎಕ್ಸ್‌ರೇ ಫಿಲ್ಮು, ಯಾವುದನ್ನೂ ಹಿಂದೆ ಬಿಟ್ಟು ಹೋಗಬೇಡಿ. ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ. ಆಂಬುಲೆನ್ಸ್ ಸಿಬ್ಬಂದಿಯೂ ನರ್ಸುಗಳೂ ಆ ಹೊತ್ತನ್ನು ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ ಬರೆಯುವ ರೂಢಿ ಮಾಡಿಕೊಳ್ಳಲಿ.

ನಾಲ್ಕನೆಯ ದಿನ ಐಸಿಯುವಿನಲ್ಲಿ ವೈದ್ಯರು ಆ ಫೈಲು ತೆರೆದು, ಆರು ಗಂಟೆಗೆ ಬಿದ್ದ ಪೆಟ್ಟಿನಿಂದ ಇವತ್ತಿನವರೆಗಿನ ಅಂಕಿಗಳನ್ನು ಒಂದರ ಕೆಳಗೊಂದು ಓದಬಲ್ಲರಾದರೆ, ಸೋಂಕನ್ನು ಒಂದು ದಿನ ಮೊದಲೇ ಹಿಡಿಯುವ ಅವಕಾಶ ಅವರಿಗೆ ಸಿಗುತ್ತದೆ. ಎದೆಯ ಸೋಂಕಿನಲ್ಲಿ ಒಂದು ದಿನ ಅಂದರೆ ಬಹಳ ದೊಡ್ಡದು. ಆ ಒಂದು ದಿನವನ್ನು ಗಳಿಸಿಕೊಡುವುದು ನಿಮ್ಮ ಕೈಯಲ್ಲೂ ಇದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.